ಹಿಸ್ಟರಿ ಅಳಿಸಬೇಕೆ, ಇನ್‌ಕಾಗ್ನಿಟೊ ಸಾಕೆ, ಪ್ರೊಫೈಲ್ ಬೇರೆ ಮಾಡಬೇಕೆ? ನಿಮಗೆ ಹೊಂದುವ ದಾರಿ ಆರಿಸಿಕೊಳ್ಳಲು ಒಂದು ಹೋಲಿಕೆ

ಮೈಸೂರು, ಮಂಡ್ಯದ ಕಡೆಯ ಓದುಗರು ಬ್ರೌಸರ್ ಹಿಸ್ಟರಿಯ ಬಗ್ಗೆ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: ಎಲ್ಲವನ್ನೂ ಅಳಿಸಿಬಿಡಲೇ, ಇನ್‌ಕಾಗ್ನಿಟೊದಲ್ಲಿ (ನೋಡಿದ್ದರ ಪಟ್ಟಿ ಉಳಿಸದ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ) ನೋಡಿದರೆ ಸಾಕೇ, ಇಲ್ಲ ಬ್ರೌಸರನ್ನೇ ಬದಲಿಸಲೇ? ಪ್ರಶ್ನೆ ಒಂದಾದರೂ ಕೇಳುವವರ ಪಾಡು ಒಂದೇ ಆಗಿರುವುದಿಲ್ಲ. ಮಾನಸಗಂಗೋತ್ರಿಯ ಹಾಸ್ಟೆಲ್ ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪನ್ನು ಗೆಳತಿಯರು ಹಂಚಿಕೊಂಡಿರುತ್ತಾರೆ. ಕುವೆಂಪುನಗರದ ಮನೆಯಲ್ಲಿ ಮಾವನವರ ಪಿಂಚಣಿ, ಮೊಮ್ಮಗಳ ಪಾಠ, ಸೊಸೆಯ ಕೆಲಸದ ಅರ್ಜಿ ಎಲ್ಲವೂ ನಡುಮನೆಯ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಪಾಂಡವಪುರದ ರೈತರಿಗೆ ಸ್ವಂತ ಮೊಬೈಲ್ ಇದ್ದರೂ ಅರ್ಜಿ, ಪಹಣಿ, ಪ್ರಿಂಟ್ ಎಂದರೆ ಪೇಟೆಯ ಸೈಬರ್ ಸೆಂಟರಿಗೇ ಹೋಗಬೇಕು. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅರ್ಧದಷ್ಟು ಜನರಿಗೆ ತಪ್ಪು ದಾರಿ ತೋರಿಸಿದಂತಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಕುಳಿತು ಹಿಸ್ಟರಿಯನ್ನೆಲ್ಲ ಅಳಿಸುವುದು, ಇರುವ ದಾರಿಗಳಲ್ಲೇ ಹೆಚ್ಚು ಶ್ರಮದ್ದು, ಕಡಿಮೆ ಫಲದ್ದು. ಹೆಚ್ಚಿನ ಮನೆಗಳಿಗೆ ಬೇಕಾಗಿರುವುದು ಅಳಿಸುವ ಗುಂಡಿಗಿಂತ ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದಂತೆ ಮಾಡುವ ಏರ್ಪಾಡು. ಹೀಗೆ ಹೇಳಲು ಕಾರಣಗಳನ್ನು ಮುಂದೆ ಕೊಡುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಯಾವುದನ್ನು ನೋಡಿ ಅಳೆಯಬೇಕು?

ಮೊದಲು ಕೇಳಿಕೊಳ್ಳಬೇಕಾದದ್ದು, ಯಾರ ಕಣ್ಣಿಗೆ ಬೀಳಬಾರದು ಎಂಬುದನ್ನು. ನಿಮ್ಮ ನಂತರ ಅದೇ ಫೋನನ್ನೋ ಕಂಪ್ಯೂಟರನ್ನೋ ಹಿಡಿಯುವವರು ಒಂದು ಗುಂಪು. ನೀವು ಭೇಟಿ ಕೊಟ್ಟ ಜಾಲತಾಣಗಳು ಮತ್ತು ಅವುಗಳಲ್ಲಿ ಕುಳಿತಿರುವ ಜಾಹೀರಾತು ಕಂಪನಿಗಳು ಎರಡನೆಯವು. ಗೂಗಲ್‌ನಂತೆ ನಿಮ್ಮ ಖಾತೆಯನ್ನೇ ಇಟ್ಟುಕೊಂಡಿರುವ ಸಂಸ್ಥೆ ಮೂರನೆಯದು. ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ, ಕಾಲೇಜು, ಕಚೇರಿ ನಾಲ್ಕನೆಯವು. ಬ್ರೌಸರಿನ ಹಿಸ್ಟರಿ ಅಳಿಸಿದರೆ ಮೊದಲ ಗುಂಪಿನ ಕಣ್ಣಷ್ಟೇ ತಪ್ಪುತ್ತದೆ. ಉಳಿದ ಮೂರಕ್ಕೆ ಬೇರೆ ಬೇರೆ ಮದ್ದು ಬೇಕು. ‘ಅಳಿಸಿದೆ, ಆದರೂ ಅದೇ ಚಪ್ಪಲಿಯ ಜಾಹೀರಾತು ಬೆನ್ನು ಬಿಡುತ್ತಿಲ್ಲ’ ಎಂದು ಬೇಸರಪಡುವವರು ಎರಡನೆಯ ಕಾಯಿಲೆಗೆ ಮೊದಲನೆಯದರ ಮದ್ದು ತೆಗೆದುಕೊಂಡಿರುತ್ತಾರೆ.

ಎರಡನೆಯ ಅಳತೆ, ಅಳಿಸುವುದರಿಂದ ನೀವು ಏನನ್ನು ಕಳೆದುಕೊಳ್ಳುತ್ತೀರಿ ಎಂಬುದು. ಮೂರನೆಯದು ನೆನಪು: ಪ್ರತಿ ಸಲ ನೀವೇ ನೆನಪಿಟ್ಟು ಮಾಡಬೇಕೋ, ಒಮ್ಮೆ ಹೊಂದಿಸಿಟ್ಟರೆ ತಾನಾಗಿ ನಡೆಯುತ್ತದೆಯೋ? ಕೊನೆಯದು ಖರ್ಚು. ಇಲ್ಲಿ ಹೇಳುವ ದಾರಿಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ದಿನದ ಡೇಟಾ ಪ್ಯಾಕ್, ಕಾಯುವ ಸಮಯ, ಮತ್ತೆ ಮತ್ತೆ ಬರುವ ಒಟಿಪಿ ಇವೂ ಖರ್ಚೇ.

ಕೈಯಿಂದ ಅಳಿಸುವುದು

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಯಾವುದಾದರೂ ಸರಿ, ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿದರೆ ಅದೇ ಆಯ್ಕೆ ಸಿಗುತ್ತದೆ. ಈ ಪೆಟ್ಟಿಗೆಯ ಮುಂದೆ ಒಂದು ನಿಮಿಷ ನಿಲ್ಲುವುದು ಒಳ್ಳೆಯದು, ಏಕೆಂದರೆ ಜನರ ನಷ್ಟವೆಲ್ಲ ಆಗುವುದು ಇಲ್ಲೇ.

ಮೇಲುಗಡೆ ಅವಧಿ ಇರುತ್ತದೆ, ಕ್ರೋಮ್‌ನಲ್ಲಾದರೆ ಕಳೆದ ಒಂದು ಗಂಟೆ, 24 ಗಂಟೆ, 7 ದಿನ, 4 ವಾರ, ಎಲ್ಲ ಕಾಲ. ಅದರ ಕೆಳಗೆ ಗುರುತು ಹಾಕುವ ಚೌಕಗಳು. ಹಿಸ್ಟರಿ ಎಂದರೆ ಯಾವ ಪುಟ ನೋಡಿದಿರಿ ಎಂಬ ಪಟ್ಟಿ. ಅದನ್ನು ಅಳಿಸಿದರೆ ದೊಡ್ಡ ನಷ್ಟವಿಲ್ಲ, ವಿಳಾಸ ಟೈಪ್ ಮಾಡುವಾಗ ಬರುತ್ತಿದ್ದ ಸಲಹೆಗಳು ಹೋಗುತ್ತವೆ, ಅಷ್ಟೆ. ಕುಕೀ ಎಂದರೆ ತಾಣಗಳು ನಿಮ್ಮನ್ನು ಗುರುತಿಸಲು ಇಟ್ಟುಕೊಂಡ ಚೀಟಿ. ಅದನ್ನು ಅಳಿಸಿದರೆ ಲಾಗಿನ್ ಆಗಿದ್ದ ತಾಣಗಳಿಂದ ಹೊರಬೀಳುತ್ತೀರಿ. ಕ್ಯಾಶ್ ಎಂದರೆ ಪುಟ ಬೇಗ ತೆರೆಯಲೆಂದು ಉಳಿಸಿಟ್ಟ ಚಿತ್ರಗಳು ಮತ್ತು ಕಡತಗಳು. ಅಳಿಸಿದರೆ ಅವೆಲ್ಲ ಮತ್ತೆ ಇಳಿಯಬೇಕು. ಟವರ್ ಸರಿಯಾಗಿ ಸಿಗದ ಹಳ್ಳಿಯಲ್ಲಿ, ದಿನಕ್ಕೆ ಇಷ್ಟು ಎಂದು ಅಳೆದು ಕೊಡುವ ಡೇಟಾ ಪ್ಯಾಕ್‌ನಲ್ಲಿ ಇದು ಕೈಗೆ ತಟ್ಟುತ್ತದೆ.

ಕೆಲವು ಬ್ರೌಸರುಗಳಲ್ಲಿ ಇನ್ನೂ ಒಂದು ಚೌಕವಿರುತ್ತದೆ: ಉಳಿಸಿದ ಪಾಸ್‌ವರ್ಡ್‌ಗಳು. ಇದಕ್ಕೆ ಮಾತ್ರ ಕಣ್ಣುಮುಚ್ಚಿ ಗುರುತು ಹಾಕಬೇಡಿ. ಗೂಗಲ್ ಖಾತೆಗೆ ಸಿಂಕ್ ಆಗಿರುವ, ಅಂದರೆ ತನ್ನಲ್ಲಿರುವುದನ್ನು ಖಾತೆಗೂ ಸೇರಿಸುವ ಕ್ರೋಮ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಅಳಿಸಿದರೆ ಅವು ಈ ಕಂಪ್ಯೂಟರಿನಿಂದಷ್ಟೇ ಹೋಗುವುದಿಲ್ಲ, ಖಾತೆಯಿಂದಲೂ ಹೋಗುತ್ತವೆ. ಪಿಂಚಣಿದಾರರೊಬ್ಬರ ಕಂಪ್ಯೂಟರನ್ನು ‘ಸ್ವಚ್ಛ ಮಾಡಿಕೊಡುತ್ತೇನೆ’ ಎಂದು ಮನೆಯ ಹುಡುಗ ಎಲ್ಲ ಚೌಕಕ್ಕೂ ಗುರುತು ಹಾಕಿ ಒತ್ತಿಬಿಟ್ಟರೆ, ಆ ಹಿರಿಯರು ಬ್ಯಾಂಕು, ವಿದ್ಯುತ್ ಬಿಲ್ಲು, ಇಮೇಲು ಎಲ್ಲಕ್ಕೂ ಮೊದಲಿನಿಂದ ಪಾಸ್‌ವರ್ಡ್ ಹೊಂದಿಸುತ್ತ ಕೂರಬೇಕಾಗುತ್ತದೆ. ಮಾಡಿದವನಿಗೆ ಅದು ಒಂದು ಕ್ಲಿಕ್, ಅನುಭವಿಸುವವರಿಗೆ ವಾರದ ತಾಪತ್ರಯ.

ಹಾಗೆಂದು ಕೈಯಿಂದ ಅಳಿಸುವುದೇ ಬೇಡವೆಂದಲ್ಲ. ಆರಿಸಿ ಅಳಿಸುವುದಾದರೆ ಅದು ಬಹಳ ಒಳ್ಳೆಯ ದಾರಿ. ಹಿಸ್ಟರಿ ಪುಟದ ಹುಡುಕು ಪೆಟ್ಟಿಗೆಯಲ್ಲಿ ತಾಣದ ಹೆಸರು ಹಾಕಿ, ಬಂದ ಸಾಲುಗಳಿಗೆ ಮಾತ್ರ ಗುರುತು ಹಾಕಿ ತೆಗೆಯಬಹುದು. ಫೈರ್‌ಫಾಕ್ಸ್‌ನಲ್ಲಂತೂ ಹಿಸ್ಟರಿಯ ಒಂದು ಸಾಲಿನ ಮೇಲೆ ಬಲ ಗುಂಡಿ ಒತ್ತಿ ‘ಈ ತಾಣವನ್ನು ಮರೆತುಬಿಡು’ ಎನ್ನಬಹುದು. ಆಗ ಆ ತಾಣದ ಹಿಸ್ಟರಿ, ಕುಕೀ, ಕ್ಯಾಶ್ ಒಟ್ಟಿಗೆ ಹೋಗುತ್ತವೆ. ಉಳಿಸಿದ ಪಾಸ್‌ವರ್ಡ್ ಇದ್ದರೆ ಅದೂ ಹೋಗಬಹುದು, ಮೊದಲು ಬರೆದಿಟ್ಟುಕೊಳ್ಳಿ. ವಿಳಾಸದ ಪಟ್ಟಿಯಲ್ಲಿ ಬೇಡದ ಸಲಹೆಯೊಂದು ಮತ್ತೆ ಮತ್ತೆ ಇಣುಕುತ್ತಿದ್ದರೆ, ಕಂಪ್ಯೂಟರಿನ ಕ್ರೋಮ್‌ನಲ್ಲಿ ಬಾಣದ ಕೀಲಿಯಿಂದ ಅದರ ಮೇಲೆ ನಿಂತು ಶಿಫ್ಟ್ ಜೊತೆ ಡಿಲೀಟ್ ಒತ್ತಿದರೆ ಆಯಿತು.

ಇನ್ನು ಕೆಲವರು ಗೌಪ್ಯತೆಗಾಗಿ ಅಳಿಸುತ್ತಿರುವುದೇ ಇಲ್ಲ. ಸಿಇಟಿ ಆಯ್ಕೆ ನಮೂದಿಸುವ ದಿನವೋ ಸರ್ಕಾರಿ ಅರ್ಜಿಯ ಕೊನೆಯ ದಿನವೋ ಪುಟ ತೆರೆಯದೆ ಸತಾಯಿಸಿದಾಗ ‘ಹಿಸ್ಟರಿ ಅಳಿಸಿ ನೋಡು’ ಎಂದು ಯಾರೋ ಹೇಳಿರುತ್ತಾರೆ. ಅಲ್ಲಿ ತೊಂದರೆ ಕೊಡುವುದು ಹಿಸ್ಟರಿಯಲ್ಲ, ಆ ಒಂದು ತಾಣದ ಹಳೆಯ ಕುಕೀ ಅಥವಾ ಕ್ಯಾಶ್. ಮೊದಲು ಅದೇ ಪುಟವನ್ನು ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ದೋಷ ನಿಮ್ಮ ಬ್ರೌಸರಿನಲ್ಲಿ ಉಳಿದಿರುವ ವಸ್ತುವಿನಲ್ಲೋ ಬ್ರೌಸರಿಗೆ ಸೇರಿಸಿಕೊಂಡ ಯಾವುದೋ ಹೆಚ್ಚುವರಿ ಸಲಕರಣೆಯಲ್ಲೋ (ಎಕ್ಸ್‌ಟೆನ್ಷನ್) ಇದೆ ಎಂದು ತಿಳಿಯುತ್ತದೆ. ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ಆ ತಾಣದ ಡೇಟಾವನ್ನಷ್ಟೇ ತೆಗೆಯಿರಿ. ಅಲ್ಲೂ ತೆರೆಯದಿದ್ದರೆ ತೊಂದರೆ ಅವರ ಸರ್ವರಿನದೋ ನಿಮ್ಮ ಸಂಪರ್ಕದ್ದೋ ಇರಬೇಕು, ನೀವು ಎಷ್ಟು ಅಳಿಸಿದರೂ ಪ್ರಯೋಜನವಿಲ್ಲ.

ಇನ್‌ಕಾಗ್ನಿಟೊ

ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಕಿಟಕಿ ಮುಚ್ಚಿದೊಡನೆ ಹಿಸ್ಟರಿ, ಕುಕೀ ಎರಡೂ ಉಳಿಯುವುದಿಲ್ಲ. ಅಳಿಸಲು ನೆನಪಿಡಬೇಕಾಗಿಲ್ಲ, ಇದ್ದ ಲಾಗಿನ್‌ಗಳಿಗೆ ಧಕ್ಕೆಯಿಲ್ಲ. ಆರೋಗ್ಯದ ವಿಷಯ, ಮದುವೆಯ ಉಡುಗೊರೆ, ಬೇರೆ ಕೆಲಸದ ಹುಡುಕಾಟ, ಹೀಗೆ ಆಗಾಗ ಬರುವ ಸಣ್ಣ ಅಗತ್ಯಕ್ಕೆ ಇದಕ್ಕಿಂತ ಸುಲಭದ್ದಿಲ್ಲ.

ಇದರ ಮಿತಿಗಳನ್ನು ಮಾತ್ರ ಸರಿಯಾಗಿ ತಿಳಿದಿರಬೇಕು. ಇಳಿಸಿಕೊಂಡ ಕಡತ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತದೆ. ಹಾಕಿದ ಬುಕ್‌ಮಾರ್ಕ್ ಕೂಡ ಉಳಿಯುತ್ತದೆ. ಇನ್‌ಕಾಗ್ನಿಟೊದೊಳಗೆ ಜಿಮೇಲ್‌ಗೆ ಲಾಗಿನ್ ಆದಿರೋ, ಆ ಕ್ಷಣದಿಂದ ಗೂಗಲ್‌ಗೆ ನೀವು ಯಾರೆಂದು ಗೊತ್ತು. ಕಾಲೇಜಿನ ವೈಫೈ, ಕಚೇರಿಯ ನೆಟ್‌ವರ್ಕ್‌ಗಳಿಗೆ ಅದು ಮುಸುಕೇ ಅಲ್ಲ. ಈ ಬಗ್ಗೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ಹೂಡಲಾಯಿತು. 2024ರಲ್ಲಿ ರಾಜಿಯಾದಾಗ, ಇನ್‌ಕಾಗ್ನಿಟೊ ಬಳಕೆಯಿಂದ ಸಂಗ್ರಹವಾಗಿದ್ದ ಅಪಾರ ದಾಖಲೆಗಳನ್ನು ನಾಶಪಡಿಸಲು ಕಂಪನಿ ಒಪ್ಪಿಕೊಂಡಿತು. ಆ ಕಿಟಕಿ ತೆರೆದಾಗ ಕಾಣುವ ಎಚ್ಚರಿಕೆಯ ಮಾತುಗಳೂ ಬದಲಾದವು. ಕಪ್ಪು ಕಿಟಕಿ ಕಂಡ ಮಾತ್ರಕ್ಕೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುವವರು ನಮ್ಮಲ್ಲೂ ಬಹಳ ಮಂದಿ ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫೋನಿನಲ್ಲಿ ಇನ್ನೊಂದು ತೊಡಕಿದೆ. ಕಂಪ್ಯೂಟರಿನಲ್ಲಿ ಕಿಟಕಿ ಮುಚ್ಚುತ್ತೇವೆ. ಫೋನಿನಲ್ಲಿ ಬೇರೆ ಆ್ಯಪ್‌ಗೆ ಹೋಗುತ್ತೇವೆ. ಇನ್‌ಕಾಗ್ನಿಟೊ ಟ್ಯಾಬ್‌ಗಳು ಹಿಂದೆ ತೆರೆದೇ ಇರುತ್ತವೆ. ಎಲ್ಲ ಟ್ಯಾಬ್ ಮುಚ್ಚುವವರೆಗೂ ಅದು ಮುಗಿದ ಲೆಕ್ಕವಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆಯ ಭಾಗಕ್ಕೆ ಹೋದರೆ, ಕ್ರೋಮ್‌ನಿಂದ ಹೊರಬಂದಾಗ ಇನ್‌ಕಾಗ್ನಿಟೊ ಟ್ಯಾಬ್‌ಗಳಿಗೆ ಬೀಗ ಹಾಕುವ ಆಯ್ಕೆ ಇದೆ. ಬೆರಳಚ್ಚು ಅಥವಾ ಫೋನಿನ ಪಿನ್ ಕೊಟ್ಟರಷ್ಟೇ ಮತ್ತೆ ತೆರೆಯುತ್ತವೆ. ಮಕ್ಕಳ ಕೈಗೆ ಫೋನ್ ಕೊಡುವವರು ಇದನ್ನು ಈಗಲೇ ಹಾಕಿಟ್ಟುಕೊಳ್ಳಿ.

ಮುಚ್ಚಿದಾಗ ತಾನಾಗಿ ಅಳಿಸುವಂತೆ ಹೊಂದಿಸುವುದು

ಫೈರ್‌ಫಾಕ್ಸ್ ಮತ್ತು ಎಡ್ಜ್ ಎರಡರಲ್ಲೂ, ಬ್ರೌಸರ್ ಮುಚ್ಚಿದಾಗ ಯಾವುದನ್ನು ಅಳಿಸಬೇಕೆಂದು ಮೊದಲೇ ಆರಿಸಿಡಬಹುದು. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಈ ಅನುಕೂಲವಿದೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಮುಚ್ಚಿದಾಗ ಕುಕೀಗಳು ಹೋಗುವಂತೆ ಮಾಡಬಹುದು, ಆದರೆ ಹಿಸ್ಟರಿಯ ಪಟ್ಟಿ ಉಳಿಯುತ್ತದೆ. ಡಕ್‌ಡಕ್‌ಗೋ ಬ್ರೌಸರಿನಲ್ಲಿ ಬೆಂಕಿಯ ಚಿಹ್ನೆಯ ಗುಂಡಿಯೊಂದಿದೆ, ಒಂದೇ ಒತ್ತಿಗೆ ಟ್ಯಾಬ್‌ಗಳೂ ಕುರುಹುಗಳೂ ಹೋಗುತ್ತವೆ.

ನೆನಪಿನ ಭಾರ ಇಲ್ಲದಿರುವುದು ಇದರ ಗುಣ. ದಿನವೂ ಹೊಸದಾಗಿ ಲಾಗಿನ್ ಆಗಬೇಕಾಗಿರುವುದು ಇದರ ದೋಷ. ಒಬ್ಬರೇ ಬಳಸುವ, ಬ್ಯಾಂಕಿನ ಕೆಲಸಕ್ಕೆಂದೇ ಇಟ್ಟುಕೊಂಡ ಎರಡನೆಯ ಬ್ರೌಸರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಮನೆಮಂದಿಯೆಲ್ಲ ಬಳಸುವ ಬ್ರೌಸರಿಗೆ ಹಾಕಿದರೆ ಎರಡು ದಿನದಲ್ಲಿ ಯಾರಾದರೂ ಸಿಟ್ಟಾಗಿ ತೆಗೆಸುತ್ತಾರೆ.

ಪ್ರೊಫೈಲ್ ಬೇರೆ ಮಾಡುವುದು

ಈ ದಾರಿಯ ಬಗ್ಗೆ ಕೇಳುವವರು ಕಡಿಮೆ, ನಾನು ಹೆಚ್ಚು ಜನರಿಗೆ ಹೇಳುವುದು ಇದನ್ನೇ. ಕ್ರೋಮ್‌ನ ಬಲ ಮೇಲ್ಮೂಲೆಯಲ್ಲಿ ದುಂಡನೆಯ ಚಿತ್ರವಿರುತ್ತದೆ. ಅದನ್ನು ಒತ್ತಿ ಹೊಸ ಪ್ರೊಫೈಲ್ ಸೇರಿಸಿದರೆ ಅದಕ್ಕೆ ಅದರದೇ ಹಿಸ್ಟರಿ, ಅದರದೇ ಕುಕೀ, ಅದರದೇ ಪಾಸ್‌ವರ್ಡ್‌ಗಳು. ಮಾವನವರಿಗೊಂದು, ಮಗಳಿಗೊಂದು, ನಿಮಗೊಂದು. ಬಣ್ಣ ಬೇರೆ ಬೇರೆ ಕೊಟ್ಟರೆ ಹಿರಿಯರೂ ತಮ್ಮದನ್ನು ಗುರುತು ಹಿಡಿಯುತ್ತಾರೆ. ಒಬ್ಬರ ಮಂಡಿನೋವಿನ ಹುಡುಕಾಟ ಇನ್ನೊಬ್ಬರ ವಿಳಾಸ ಪಟ್ಟಿಯಲ್ಲಿ ಇಣುಕುವುದಿಲ್ಲ. ಮಗಳು ತನ್ನ ಪ್ರೊಫೈಲಿನಲ್ಲಿ ಏನನ್ನು ಅಳಿಸಿದರೂ ಅಜ್ಜನ ಪಿಂಚಣಿ ತಾಣದ ಲಾಗಿನ್ ಹಾಗೇ ಇರುತ್ತದೆ.

ಆದರೆ ಪ್ರೊಫೈಲಿಗೆ ಬೀಗವಿಲ್ಲ. ಬೇಕೆಂದೇ ನೋಡಬೇಕೆನ್ನುವವರು ಚಿತ್ರ ಒತ್ತಿ ನಿಮ್ಮ ಪ್ರೊಫೈಲಿಗೆ ಹೋಗಬಹುದು. ಪರಸ್ಪರ ನಂಬಿಕೆಯಿರುವ ಮನೆಗೆ ಪ್ರೊಫೈಲ್ ಸಾಕು. ಹಾಸ್ಟೆಲ್‌ನಲ್ಲಿ ಹಂಚಿಕೊಂಡ ಲ್ಯಾಪ್‌ಟಾಪಿಗೆ ವಿಂಡೋಸ್‌ನಲ್ಲೇ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಇರುವ ಬೇರೆ ಬಳಕೆದಾರ ಖಾತೆ ಮಾಡಿಕೊಳ್ಳುವುದು ಮೇಲು. ಅದಕ್ಕೂ ದುಡ್ಡಿಲ್ಲ. ಐಫೋನಿನವರಿಗೆ ಸಫಾರಿಯಲ್ಲಿ 2023ರ ಐಒಎಸ್ 17ರಿಂದ ಪ್ರೊಫೈಲ್‌ಗಳು ಬಂದಿವೆ.

ಸಣ್ಣ ಮಕ್ಕಳಿರುವ ಮನೆಯವರು ಹಿಸ್ಟರಿಯನ್ನು ಕದ್ದು ನೋಡುವುದಕ್ಕಿಂತ ಮಗುವಿನ ಖಾತೆಯನ್ನು ಫ್ಯಾಮಿಲಿ ಲಿಂಕ್‌ನಲ್ಲಿ (ಪೋಷಕರು ಮಗುವಿನ ಖಾತೆಯನ್ನು ನೋಡಿಕೊಳ್ಳಲು ಗೂಗಲ್ ಕೊಡುವ ಸೌಲಭ್ಯ) ಮಾಡಿ, ಮಾಡಿರುವುದನ್ನು ಮಗುವಿಗೆ ತಿಳಿಸುವುದು ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. ಅಂಥ ಖಾತೆಯಲ್ಲಿ ಇನ್‌ಕಾಗ್ನಿಟೊ ತೆರೆಯುವುದಿಲ್ಲ.

ಗೂಗಲ್ ಖಾತೆಯಲ್ಲಿ ಉಳಿಯುವುದು

ಬ್ರೌಸರಿನಲ್ಲಿ ಅಳಿಸಿದಿರಿ ಎನ್ನೋಣ. ಲಾಗಿನ್ ಆಗಿ ಗೂಗಲ್‌ನಲ್ಲಿ ಹುಡುಕಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು ಇವು ‘ಮೈ ಆಕ್ಟಿವಿಟಿ’ ಎಂಬ ಬೇರೆ ಪುಟದಲ್ಲಿ, ಗೂಗಲ್‌ನ ಕಡೆ ಉಳಿದಿರುತ್ತವೆ. ಕಂಪ್ಯೂಟರಿನಲ್ಲಿರುವ ಕ್ರೋಮ್ ಹಿಸ್ಟರಿ ಸಾಮಾನ್ಯವಾಗಿ 90 ದಿನಗಳ ಹಿಂದಕ್ಕೆ ಹೋಗುವುದಿಲ್ಲ, ಖಾತೆಯಲ್ಲಿರುವುದು ಅದಕ್ಕಿಂತ ಬಹಳ ಹಿಂದಕ್ಕೆ ಹೋಗಬಲ್ಲದು. 2020ರ ಜೂನ್‌ನಿಂದೀಚೆಗೆ ತೆರೆದ ಹೊಸ ಖಾತೆಗಳಲ್ಲಿ ವೆಬ್ ಮತ್ತು ಆ್ಯಪ್ ಚಟುವಟಿಕೆ 18 ತಿಂಗಳ ನಂತರ ತಾನಾಗಿ ಅಳಿಯುವಂತೆ ಹೊಂದಿಸಲಾಗಿದೆ. ಅದಕ್ಕಿಂತ ಹಳೆಯ ಖಾತೆಯಾದರೆ ನೀವೇ ಹೋಗಿ ಹೊಂದಿಸದ ಹೊರತು ಹಾಗೇ ಬಿದ್ದಿರುತ್ತದೆ. 3, 18, 36 ತಿಂಗಳು ಎಂಬ ಮೂರು ಆಯ್ಕೆಗಳಿವೆ. ನಾನು 3 ತಿಂಗಳು ಎನ್ನುತ್ತೇನೆ. ಯೂಟ್ಯೂಬಿನದನ್ನು ಬೇರೆಯಾಗಿಯೇ ಹೊಂದಿಸಬೇಕು, ಮರೆಯಬೇಡಿ. ಒಮ್ಮೆ ಕುಳಿತು ಮಾಡಿದರೆ ಮುಂದೆ ಅದರ ಗೊಡವೆಯಿಲ್ಲ. ಸ್ವಂತ ಫೋನನ್ನು ಒಬ್ಬರೇ ಬಳಸುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಜಾಹೀರಾತುಗಳ ಕಾಟವೇ ಮುಖ್ಯ ಎನ್ನುವವರಿಗೆ ಅಳಿಸುವುದಕ್ಕಿಂತ ಬ್ರೌಸರ್ ಬದಲಿಸುವುದೇ ಪರಿಣಾಮಕಾರಿ. ಸಫಾರಿ 2020ರಿಂದ ಮೂರನೆಯವರ, ಅಂದರೆ ತಾಣದೊಳಗೆ ಕುಳಿತ ಜಾಹೀರಾತು ಕಂಪನಿಗಳಂಥ ಹೊರಗಿನವರ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಯನ್ನೂ ಆ ತಾಣಕ್ಕಷ್ಟೇ ಸೀಮಿತಗೊಳಿಸಿದೆ. ಬ್ರೇವ್ ಕೂಡ ಈ ವಿಷಯದಲ್ಲಿ ಬಿಗಿ.

ದುಡ್ಡು ಕೊಟ್ಟು ವಿಪಿಎನ್ ಹಾಕಿಸಿಕೊಳ್ಳಬೇಕೆ?

ಹಿಸ್ಟರಿಗಾಗಿಯಾದರೆ ಬೇಡ. ವಿಪಿಎನ್ ಎಂದರೆ ನಿಮ್ಮ ಇಂಟರ್‌ನೆಟ್ ಓಡಾಟವನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಸಾಗಿಸುವ ಸೇವೆ. ಅದು ಮರೆಮಾಡುವುದು ಇಂಟರ್‌ನೆಟ್ ಕಂಪನಿಯ ಕಣ್ಣಿನಿಂದ. ಮನೆಯವರ ಮುಂದೆ ಹಿಸ್ಟರಿ ಪಟ್ಟಿ ಹಾಗೇ ತೆರೆದಿರುತ್ತದೆ. ಇಂದಿನ ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಟ್ಟಿನ ರೂಪದಲ್ಲಿ ಸಾಗಿಸುವ ವಿಧಾನ) ಬಳಸುವುದರಿಂದ ನೆಟ್‌ವರ್ಕಿನವರಿಗೆ ಯಾವ ತಾಣ ಎಂಬುದು ತಿಳಿಯಬಹುದೇ ಹೊರತು ಒಳಗೆ ಯಾವ ಪುಟ ಓದಿದಿರಿ ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಕಂಪನಿಯವರೇ ಕೊಟ್ಟ ಲ್ಯಾಪ್‌ಟಾಪಿನ ಮಾತು ಬೇರೆ, ಅದರಲ್ಲಿ ಇನ್ನೂ ಹೆಚ್ಚು ಕಾಣಿಸುವಂತೆ ಹೊಂದಿಸಿರಬಹುದು. ಹೆಬ್ಬಾಳದ ಕಡೆ ಕೆಲಸಕ್ಕೆ ಹೋಗುವವರಿಗೆ ನನ್ನ ಮಾತಿಷ್ಟೆ: ಮನೆಯ ವಿಷಯವನ್ನು ಕಚೇರಿಯ ಯಂತ್ರದಲ್ಲಿ ನೋಡಲೇಬೇಡಿ, ಆಗ ಅಳಿಸುವ ಪ್ರಶ್ನೆಯೂ ಬರುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಆಗ ಕೆಲವು ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಪುಕ್ಕಟೆ ವಿಪಿಎನ್ ಆ್ಯಪ್‌ಗಳಂತೂ ಬೇಡವೇ ಬೇಡ. ಯಾರೆಂದೇ ತಿಳಿಯದವರ ಕೈಗೆ ನಿಮ್ಮ ಎಲ್ಲ ಓಡಾಟವನ್ನೂ ಒಪ್ಪಿಸಿದ ಹಾಗಾಗುತ್ತದೆ.

ಸೈಬರ್ ಸೆಂಟರಿಗೆ ಹೋಗುವವರಿಗೆ

ಪ್ರವೇಶಾತಿಯ ದಿನಗಳಲ್ಲಿ ವಿಶ್ವವಿದ್ಯಾಲಯ, ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಮತ್ತು ಸೈಬರ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದ್ದೇನೆ. ಇ-ಆಧಾರ್ ಪಿಡಿಎಫ್‌ಗಳು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಪಾಸ್‌ಬುಕ್ಕಿನ ಮೊದಲ ಪುಟದ ಚಿತ್ರಗಳು ಸಾಲು ಸಾಲಾಗಿ ಬಿದ್ದಿದ್ದವು. ಯಾರೋ ಬಂದು ಪ್ರಿಂಟ್ ತೆಗೆಸಿಕೊಂಡು ಹೋಗಿದ್ದರು, ಕಡತ ಅಲ್ಲೇ ಉಳಿದಿತ್ತು. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆ, ನಿಜ. ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಅದೇ ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನಾಂಕ ಎರಡೂ ಪಕ್ಕದ ಅಂಕಪಟ್ಟಿಯಲ್ಲೇ ಇರುವಾಗ ಆ ಪಾಸ್‌ವರ್ಡ್ ಯಾರನ್ನು ತಡೆಯುತ್ತದೆ? ಹಿಸ್ಟರಿ ಅಳಿಸಿ ನೆಮ್ಮದಿಯಿಂದ ಮನೆಗೆ ಹೋದವರಿಗೆ ಇದು ತಿಳಿದೇ ಇರುವುದಿಲ್ಲ.

ಇಲ್ಲಿ ನನ್ನ ಆಯ್ಕೆ ಗೆಸ್ಟ್ ಕಿಟಕಿ. ಬಲ ಮೇಲ್ಮೂಲೆಯ ಚಿತ್ರ ಒತ್ತಿದರೆ ‘ಗೆಸ್ಟ್’ ಎಂಬ ಆಯ್ಕೆ ಸಿಗುತ್ತದೆ. ಕೆಲವು ಅಂಗಡಿಗಳಲ್ಲಿ ಮಾಲೀಕರು ತಮ್ಮದೇ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಲಾಗಿನ್ ಆಗಿರುತ್ತಾರೆ. ಸಿಂಕ್ ಇದ್ದರೆ ನೀವು ನೋಡಿದ್ದು ಅವರ ಖಾತೆಯ ಹಿಸ್ಟರಿಗೆ ಸೇರಿ, ಅವರ ಫೋನಿನಲ್ಲೂ ಕಾಣಿಸಿಕೊಳ್ಳಬಹುದು. ಹಾಗೆಂದು ನೀವು ಎಲ್ಲವನ್ನೂ ಅಳಿಸಿಬಿಟ್ಟರೆ ಅವರ ದುಡಿಮೆಗೆ ಬೇಕಾದ ಲಾಗಿನ್‌ಗಳು ಹೋಗುತ್ತವೆ, ಅದೂ ನ್ಯಾಯವಲ್ಲ. ಗೆಸ್ಟ್ ಕಿಟಕಿಯಲ್ಲಿ ಅವರದು ನಿಮಗೆ ಕಾಣುವುದಿಲ್ಲ, ನಿಮ್ಮದು ಅಲ್ಲಿ ಉಳಿಯುವುದಿಲ್ಲ. ಗೆಸ್ಟ್ ಸಿಗದಿದ್ದರೆ ಇನ್‌ಕಾಗ್ನಿಟೊ. ಎರಡರಲ್ಲೂ ಡೌನ್‌ಲೋಡ್ ಮಾತ್ರ ಉಳಿಯುತ್ತದೆ. ಏಳುವ ಮುನ್ನ ಆ ಕಡತವನ್ನು ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಆಗ ಅದು ರೀಸೈಕಲ್ ಬಿನ್‌ನಲ್ಲಿಯೂ ಕೂರುವುದಿಲ್ಲ. ಗುರುತಿಗೆ ಸಾಕಾಗುವ ಕಡೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ.

ಪ್ರಿಂಟಿಗೆಂದು ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದವರು ಹೊರಗೆ ಬಂದ ಮೇಲೆ ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ, ಅಲ್ಲಿ ಆ ಕಂಪ್ಯೂಟರ್ ಇದ್ದರೆ ಲಾಗ್ಔಟ್ ಮಾಡಿ. ಜಿಮೇಲ್ ಮರೆತು ಬಂದಿದ್ದರೆ ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ನಿಮ್ಮ ಸಾಧನಗಳ ಪಟ್ಟಿ ಇದೆ, ಮನೆಯಿಂದಲೇ ಹೊರಹಾಕಬಹುದು.

ಒಂದನ್ನು ತಿಳಿದಿರಿ: 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ದಾಖಲೆ ಮತ್ತು ಅಲ್ಲಿಂದ ನೋಡಿದ ತಾಣಗಳ ಹಿಸ್ಟರಿಯನ್ನು ಅಂಗಡಿಯವರು ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ಆದ್ದರಿಂದ ಅಲ್ಲಿ ನೀವು ಅಳಿಸುವುದು ಮುಂದೆ ಬಂದು ಕೂರುವವರ ಕಣ್ಣಿಗೆ ಬೀಳದಿರಲಿ ಎಂದಷ್ಟೇ.

ಮನೆಯಲ್ಲೇ ಭಯವಿರುವವರಿಗೆ

ಈ ಭಾಗ ಬರೆಯದೆ ಬಿಡಲು ನನಗೆ ಮನಸ್ಸಿಲ್ಲ. ಗಂಡನೋ ಮನೆಯವರೋ ಫೋನ್ ತಪಾಸಣೆ ಮಾಡುವ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಸಹಾಯ ಹುಡುಕುತ್ತಿದ್ದರೆ, ಹಿಸ್ಟರಿಯನ್ನೆಲ್ಲ ಅಳಿಸುವುದು ಅಪಾಯ. ನಿನ್ನೆಯವರೆಗೂ ತುಂಬಿದ್ದ ಪಟ್ಟಿ ಇಂದು ಖಾಲಿಯಾಗಿದ್ದರೆ ಅದೇ ಅನುಮಾನಕ್ಕೆ ದಾರಿ. ಅಡುಗೆ, ಧಾರಾವಾಹಿ, ಮಕ್ಕಳ ಶಾಲೆಯ ಹುಡುಕಾಟಗಳು ಹಾಗೇ ಇರಲಿ. ಆ ಒಂದೆರಡು ಸಾಲುಗಳನ್ನು ಮಾತ್ರ ತೆಗೆಯಬೇಕು. ಇನ್‌ಕಾಗ್ನಿಟೊ ಬಳಸಿದರೆ ಟ್ಯಾಬ್‌ಗಳನ್ನು ಮುಚ್ಚಿಯೇ ಫೋನ್ ಕೆಳಗಿಡಬೇಕು. ಗೂಗಲ್ ಖಾತೆಯ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿದ್ದರೆ ಅವರು ಬೇರೆ ಕಡೆಯಿಂದಲೇ ಹುಡುಕಾಟಗಳನ್ನು ನೋಡಬಲ್ಲರು. ಫೋನಿನಲ್ಲಿ ಕಣ್ಗಾವಲು ಆ್ಯಪ್ ಹಾಕಿರುವ ಅನುಮಾನವಿದ್ದರೆ ಯಾವ ಅಳಿಸುವಿಕೆಯೂ ಕಾಪಾಡುವುದಿಲ್ಲ. ಆಗ ತವರಿನವರದೋ ಗೆಳತಿಯದೋ ಫೋನ್ ಬಳಸುವುದೇ ಸುರಕ್ಷಿತ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕರೆ ಮಾಡಿದ ಸಂಖ್ಯೆ ಕರೆಗಳ ಪಟ್ಟಿಯಲ್ಲಿ ಉಳಿಯುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಕಂಪ್ಯೂಟರ್, ಮನೆತುಂಬ ಜನ ಎಂದರೆ ಪ್ರೊಫೈಲ್‌ಗಳು, ಜೊತೆಗೆ ಆಗಾಗ ಇನ್‌ಕಾಗ್ನಿಟೊ. ಹಾಸ್ಟೆಲ್‌ನ ಹಂಚಿಕೆಯ ಲ್ಯಾಪ್‌ಟಾಪಿಗೆ ವಿಂಡೋಸ್‌ನ ಬೇರೆ ಬೇರೆ ಖಾತೆ. ಸ್ವಂತ ಫೋನ್ ಮಾತ್ರ ಇರುವವರು ಗೂಗಲ್ ಖಾತೆಯಲ್ಲಿ 3 ತಿಂಗಳ ಗಡುವು ಹಾಕಿ, ಫೋನಿಗೆ ಪರದೆಯ ಬೀಗ ಹಾಕಿ, ಹಿಸ್ಟರಿಯನ್ನು ಅದರ ಪಾಡಿಗೆ ಬಿಡಬಹುದು. ಡೇಟಾ ಕಡಿಮೆ ಇರುವವರು ಕ್ಯಾಶ್ ಮುಟ್ಟಬೇಡಿ, ಹಿಸ್ಟರಿ ಮತ್ತು ಬೇಡದ ಒಂದೆರಡು ತಾಣದ ಕುಕೀ ತೆಗೆದರೆ ಸಾಕು. ಜಾಹೀರಾತು ಸಾಕಾಗಿದ್ದರೆ ಫೈರ್‌ಫಾಕ್ಸ್ ಅಥವಾ ಬ್ರೇವ್. ಸೈಬರ್ ಸೆಂಟರಿನಲ್ಲಿ ಗೆಸ್ಟ್ ಕಿಟಕಿ, ಅದರ ಜೊತೆಗೆ ಡೌನ್‌ಲೋಡ್ಸ್ ಫೋಲ್ಡರ್.

ಎರಡು ಸಂದರ್ಭಗಳು ಈ ಲೆಕ್ಕದ ಆಚೆಗಿವೆ. ಫೋನ್ ಮಾರುವಾಗ ಹಿಸ್ಟರಿ ಅಳಿಸಿ ಕೊಡುವುದು ಸಾಲದು. ಖಾತೆಯನ್ನು ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ. ಇನ್ನೊಂದು, ಆನ್‌ಲೈನ್‌ನಲ್ಲಿ ಮೋಸ ಹೋದಾಗ. ನಕಲಿ ಬ್ಯಾಂಕ್ ಪುಟವೋ ಕೆಲಸ ಕೊಡಿಸುವ ತಾಣವೋ ದುಡ್ಡು ಹೊಡೆದಾಗ ನಾಚಿಕೆಯಿಂದ ಮೊದಲು ಹಿಸ್ಟರಿ ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಾಣದ ಪೂರ್ತಿ ವಿಳಾಸ, ನೋಡಿದ ದಿನ ಮತ್ತು ಹೊತ್ತು ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ದೂರು ದಾಖಲಾಗಿ, ಬೇಕಾದ ವಿವರಗಳನ್ನು ಪೊಲೀಸರು ಪಡೆದುಕೊಳ್ಳುವವರೆಗೂ ಆ ಬ್ರೌಸರಿನಲ್ಲಿ ಏನನ್ನೂ ಅಳಿಸಬೇಡಿ.